ಪಂಚಗಣಿ ಇಂಟರ್‌ವ್ಯೂಗೆ ಮಗನಿಗೆ ಸೂಟು ಬೇಕಾ?

ಪ್ರಶ್ನೆ: ಮೇಡಂ, ನಾವು ಡೊಂಬಿವಲಿಯಲ್ಲಿ ಇರುವುದು, ಊರು ಕುಂದಾಪುರದ ಹತ್ತಿರ. ನಮ್ಮ ಯಜಮಾನರು ಠಾಣೆಯಲ್ಲಿ ಸಣ್ಣ ಹೋಟೆಲ್ ನಡೆಸುತ್ತಾರೆ. ಮಗನಿಗೆ 10 ವರ್ಷ, ಐದನೇ ಕ್ಲಾಸು. ಪಂಚಗಣಿಯ ಒಂದು ಬೋರ್ಡಿಂಗ್ ಶಾಲೆಗೆ ಆರನೇ ಕ್ಲಾಸಿಗೆ ಅರ್ಜಿ ಹಾಕಿದ್ದೇವೆ. ಪರೀಕ್ಷೆ ಆಯಿತು, ಫೆಬ್ರವರಿಯಲ್ಲಿ ಇಂಟರ್‌ವ್ಯೂ. ನಾವಿಬ್ಬರೂ ಬರಬೇಕಂತೆ. ಸೂಟು ಬೂಟು ಇಲ್ಲದೆ ಹೋದರೆ ಅಲ್ಲಿ ಮೂಸಿಯೂ ನೋಡಲ್ಲ ಅಂತ ನಮ್ಮ ನಾದಿನಿ ಹೇಳುತ್ತಾರೆ. ದಾದರಿನಲ್ಲಿ ಒಂದು ತ್ರೀ ಪೀಸ್ ಸೂಟು ನೋಡಿಟ್ಟಿದ್ದೇವೆ, 6,500 ರೂಪಾಯಿ. ಆದರೆ ಟೈ ಕಟ್ಟಿದರೆ ಇವನು ಕುತ್ತಿಗೆ ತುರಿಸಲು ಶುರು ಮಾಡುತ್ತಾನೆ. ಕಿವಿಯಲ್ಲಿ ಚಿನ್ನದ ಟಿಕ್ಕಿ ಇದೆ, ಕೈಯಲ್ಲಿ ಕಪ್ಪು ದಾರ ಇದೆ, ತೆಗೆಸಬೇಕಾ? ನಾನು ಸೀರೆ ಉಡಬೇಕಾ, ಚೂಡಿದಾರ ಹಾಕಬೇಕಾ? ಯಜಮಾನರಿಗೆ ಹೋಟೆಲಿನ ಬಿಳಿ ಶರ್ಟು ಬಿಟ್ಟರೆ ಬೇರೆ ಅಭ್ಯಾಸವೇ ಇಲ್ಲ, ಕಾಲಿಗೆ ಯಾವಾಗಲೂ ಚಪ್ಪಲಿ. ನಾನು ವಡಾಲದಲ್ಲಿ ಕನ್ನಡ ಮೀಡಿಯಮ್ಮಿನಲ್ಲಿ ಓದಿದವಳು, ಇಂಗ್ಲಿಷ್ ಅಷ್ಟಕ್ಕಷ್ಟೇ. ನಮ್ಮನ್ನು ನೋಡಿ ಮಗನ ಸೀಟು ತಪ್ಪಿಹೋಗಬಾರದಲ್ಲ ಮೇಡಂ.

ಉತ್ತರ: ಮೊದಲು ಆ ಸೂಟಿನ ವಿಷಯ ಮುಗಿಸಿಬಿಡೋಣ. ಬೇಡ. ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಟ್ಟಿದ್ದರೆ ಊರಲ್ಲಿ ಯಾರದಾದರೂ ಮದುವೆಗೆ ಆಗುತ್ತದೆ ಬಿಡಿ, ಇಂಟರ್‌ವ್ಯೂಗೆ ಮಾತ್ರ ಅದನ್ನು ಹಾಕಿಸಬೇಡಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸೂಟು, ಟೈ, ಚಪ್ಪಲಿ, ಸೀರೆ ಇವೇ ಕಂಡವು. ಎರಡನೇ ಸಲ ಕಣ್ಣು ಕೊನೆಯ ಸಾಲಿನ ಮೇಲೆ ನಿಂತಿತು. ನಮ್ಮನ್ನು ನೋಡಿ ಸೀಟು ತಪ್ಪೀತು ಅನ್ನುವ ಈ ಅಳುಕು ನಿಮಗೊಬ್ಬರಿಗೇ ಇರುವುದಲ್ಲ. ಪಂಚಗಣಿ ಇರುವ ಸಾತಾರಾ ಜಿಲ್ಲೆಯಲ್ಲೇ, ಗುಡ್ಡದ ಮೇಲಿನ ಒಂದು ವಸತಿ ಶಾಲೆಯಲ್ಲಿ ನಾನು 22 ವರ್ಷ ಇದ್ದೆ, ಹಗಲು ಇಂಗ್ಲಿಷ್ ಪಾಠ, ರಾತ್ರಿ ಚಿಕ್ಕ ಮಕ್ಕಳ ಹಾಸ್ಟೆಲಿನ ಉಸ್ತುವಾರಿ. ಪ್ರತಿ ವರ್ಷ ಜನವರಿ, ಫೆಬ್ರವರಿಯಲ್ಲಿ ಆಫೀಸಿನ ಹೊರಗಿನ ಬೆಂಚಿನ ಮೇಲೆ ಈ ಅಳುಕು ಸಾಲಾಗಿ ಕೂತಿರುತ್ತಿತ್ತು. ಕೋಟು ಹಾಕಿದ ಅಪ್ಪಂದಿರ ಮುಖದಲ್ಲಿ ಸ್ವಲ್ಪ ಜಾಸ್ತಿಯೇ ಇರುತ್ತಿತ್ತು. ಅವರು ಪಕ್ಕದವರ ಕೋಟು ನೋಡುತ್ತಿದ್ದರು.

ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ಹೇಳಿದರೆ ಅರ್ಧ ಭಯ ಹೋಗುತ್ತದೆ. ನಮ್ಮಲ್ಲಿ ಮೂವರು ಕೂರುತ್ತಿದ್ದೆವು. ಮುಖ್ಯೋಪಾಧ್ಯಾಯರ ಮುಂದೆ ಮಗುವಿನ ಪರೀಕ್ಷೆಯ ಪೇಪರು, ಹಳೆ ಶಾಲೆಯ ರಿಪೋರ್ಟು. ಇನ್ನೊಬ್ಬ ಟೀಚರ್ ಮಾತಾಡಿಸುವವರು. ಮೂರನೆಯವಳು ನಾನು, ಹಾಸ್ಟೆಲಿನ ಪರವಾಗಿ. ಅವರಿಬ್ಬರಿಗೂ ಈ ಹುಡುಗ ಕ್ಲಾಸಿಗೆ ಆಗುತ್ತಾನಾ ಅನ್ನುವ ಪ್ರಶ್ನೆ. ನನ್ನ ಪ್ರಶ್ನೆ ಬೇರೆ. ಜೂನ್ ತಿಂಗಳು, ಹೊರಗೆ ಧೋ ಅಂತ ಮಳೆ, ಬೆಳಿಗ್ಗೆ ಆರು ಗಂಟೆಗೆ ಗಂಟೆ ಹೊಡೆಯುತ್ತದೆ, ಒಬ್ಬ ಮೇಟ್ರನ್‌ಗೆ ಮೂವತ್ತು ಮಕ್ಕಳು. ಆಗ ಇವನು ತಾನೇ ಎದ್ದು, ಸ್ನಾನ ಮಾಡಿ, ಗುಂಡಿ ಹಾಕಿಕೊಂಡು, ಲೇಸ್ ಕಟ್ಟಿಕೊಂಡು ಕೆಳಗೆ ಬರುತ್ತಾನಾ? ಅಮ್ಮನ ಕೈ ಇಲ್ಲದೆ?

ಡೇ ಸ್ಕೂಲಿನ ಅಡ್ಮಿಶನ್ನಿಗೂ ಬೋರ್ಡಿಂಗಿನ ಅಡ್ಮಿಶನ್ನಿಗೂ ಇರುವ ವ್ಯತ್ಯಾಸ ಇದೇ. ಹಾಗಾಗಿ ನಾನು ಬಟ್ಟೆ ನೋಡುತ್ತಿದ್ದೆ, ನಿಜ. ಆದರೆ ಅದು ಎಷ್ಟು ರೂಪಾಯಿಯದು ಅಂತ ಯೋಚನೆ ಬರುತ್ತಿರಲಿಲ್ಲ. ಬೆಳಿಗ್ಗೆ ಇದನ್ನು ಹಾಕಿದವರು ಯಾರು, ಮಗುವೋ ಅಮ್ಮನೋ, ಅದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಅಮ್ಮ ಹಾಕಿಸಿದ ಬಟ್ಟೆಯಲ್ಲಿ ಮಗು ಕೈ ಸ್ವಲ್ಪ ದೂರ ಇಟ್ಟುಕೊಂಡು ಕೂರುತ್ತದೆ. ಬಣ್ಣ ಒಣಗದ ಗೋಡೆಯ ಪಕ್ಕ ಕೂತಂತೆ.

ಒಂದು ಘಟನೆ ಹೇಳುತ್ತೇನೆ. ನಿಮ್ಮ ಮಗನ ವಯಸ್ಸಿನವನೇ ಒಬ್ಬ ಹುಡುಗ ಪೂರ್ತಿ ಸೂಟಿನಲ್ಲಿ ಬಂದ. ಬೂದು ಬಣ್ಣದ್ದು, ಒಳಗೆ ವೇಸ್ಟ್‌ಕೋಟು, ಕೆಂಪು ಟೈ. ಚೆನ್ನಾಗಿಯೇ ಉತ್ತರ ಕೊಡುತ್ತಿದ್ದ, ಮಧ್ಯದಲ್ಲಿ ಬಾತ್‌ರೂಮಿಗೆ ಹೋಗಬೇಕು ಅಂದ. ಹೋದವನು ಹತ್ತು ನಿಮಿಷವಾದರೂ ಬರಲಿಲ್ಲ. ನಾನು ಹೋಗಿ ನೋಡಿದರೆ ಬಾಗಿಲ ಬಳಿ ನಿಂತು ಅಳುತ್ತಿದ್ದಾನೆ. ಪ್ಯಾಂಟಿಗೆ ಒಂದು ಹುಕ್ಕು, ಒಳಗಡೆ ಒಂದು ಗುಂಡಿ, ಮೇಲೆ ಗಟ್ಟಿ ಬಕಲ್ಲಿನ ಹೊಸ ಬೆಲ್ಟು. ಮೂರನ್ನೂ ಬಿಚ್ಚುವಷ್ಟರಲ್ಲಿ ತಡವಾಗಿತ್ತು ಪಾಪ. ಹಾಸ್ಟೆಲಿನಿಂದ ಒಂದು ಹಳೆ ಪ್ಯಾಂಟು ತಂದು ಕೊಟ್ಟೆ. ಅವನಿಗೆ ಸೀಟು ಸಿಕ್ಕಿತು, ಎಂಟು ತಿಂಗಳಲ್ಲಿ ಫುಟ್‌ಬಾಲ್ ತಂಡದಲ್ಲೂ ಇದ್ದ. ಆದರೆ ಅವತ್ತು ಆ ಬೆಲ್ಟು ಕೊಡಿಸಿದವರ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಈ ಸೂಟಿನ ನಂಬಿಕೆ ಎಲ್ಲಿಂದ ಬಂತು? ಪಂಚಗಣಿಯನ್ನು ಗುಡ್ಡದ ಊರಾಗಿ ಬೆಳೆಸಿದ್ದೇ ಬ್ರಿಟಿಷರು. ಅಲ್ಲಿನ ಸೇಂಟ್ ಪೀಟರ್ಸ್ ಶಾಲೆ 1904ರಲ್ಲಿ ಶುರುವಾದಾಗ ಅದರ ಹೆಸರೇ ಯುರೋಪಿಯನ್ ಬಾಯ್ಸ್ ಸ್ಕೂಲ್. ಬ್ಲೇಜರು, ಪಟ್ಟೆ ಪಟ್ಟೆ ಟೈ, ಹೌಸು ಅನ್ನುವ ಮಕ್ಕಳ ತಂಡಗಳ ಬಣ್ಣ ಎಲ್ಲ ಆ ಕಾಲದಿಂದ ಉಳಿದುಬಂದದ್ದು. ಈಗಲೂ ಬೋರ್ಡಿಂಗ್ ಶಾಲೆಗಳ ಬ್ರೋಶರ್ ತೆಗೆದರೆ ಮುಖಪುಟದಲ್ಲಿ ಬ್ಲೇಜರ್ ಹಾಕಿದ ನಾಲ್ಕು ಮಕ್ಕಳು ನಗುತ್ತಾ ನಿಂತಿರುತ್ತಾರೆ. ಅದನ್ನು ನೋಡಿದ ನಾದಿನಿ, ಅತ್ತಿಗೆ, ಪಕ್ಕದ ಮನೆಯವರು ಎಲ್ಲರೂ ಇದೇ ಡ್ರೆಸ್ಸು ಅಂದುಕೊಳ್ಳುತ್ತಾರೆ. ಆದರೆ ಆ ಬ್ಲೇಜರು ಶಾಲೆಯದು, ಸೇರಿದ ಮೇಲೆ ಸಿಗುವುದು. ಹೊರಗಿನಿಂದ ಕೊಂಡ ಸೂಟಿನಲ್ಲಿ ಬಂದ ಹುಡುಗ ಆ ಫೋಟೋದ ಮಕ್ಕಳ ಹಾಗೆ ಕಾಣುವುದಿಲ್ಲ, ರಿಸೆಪ್ಶನ್ನಿಗೆ ಹೊರಟವನ ಹಾಗೆ ಕಾಣುತ್ತಾನೆ ಅಷ್ಟೇ. ಇನ್ನು ಕೆಲವರು ಆ ಶಾಲೆಯ ಬಣ್ಣಗಳನ್ನೇ ಹುಡುಕಿ ಶರ್ಟು ಪ್ಯಾಂಟು ತರುತ್ತಾರೆ, ಈಗಾಗಲೇ ಸೇರಿದವನ ಹಾಗೆ ಕಾಣಲಿ ಅಂತ. ದಯವಿಟ್ಟು ಬೇಡ. ನಮ್ಮಲ್ಲಿ ಅದನ್ನು ನೋಡಿ ನಗು ತಡೆದುಕೊಳ್ಳುವುದೇ ಕಷ್ಟವಾಗುತ್ತಿತ್ತು.

ಹಾಗಂತ ಬಟ್ಟೆಯಿಂದ ಏನೂ ಆಗುವುದಿಲ್ಲ ಅಂದರೆ ಅದೂ ಸುಳ್ಳು. ನೋಡುವವರು ಮನುಷ್ಯರೇ ಅಲ್ವಾ. 1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳ ಬಗ್ಗೆ ಬರೆದಿದ್ದ. ಮೈಕಟ್ಟು, ಠೀವಿ ಚೆನ್ನಾಗಿದೆ ಅಂತ ಅನ್ನಿಸಿದವರಿಗೆ ಬುದ್ಧಿಗೂ ಮುಂದಾಳುತನಕ್ಕೂ ಅದೇ ಕೈ ಜಾಸ್ತಿ ಅಂಕ ಹಾಕಿತ್ತು. ಒಂದು ಗುಣ ಕಂಡ ಕಣ್ಣು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಇದಕ್ಕೆ ಹೇಲೋ ಎಫೆಕ್ಟ್ ಅನ್ನುತ್ತಾರೆ.

ನಾನೂ ಇದರಲ್ಲಿ ಸಿಕ್ಕಿಬಿದ್ದಿದ್ದೇನೆ. ಒಬ್ಬ ಹುಡುಗನ ಬಿಳಿ ಶರ್ಟಿನ ಎದೆಯ ಮೇಲಿನ ಗುಂಡಿಯನ್ನು ಕಪ್ಪು ದಾರದಲ್ಲಿ ಹೊಲಿದಿತ್ತು, ಅದೂ ವಕ್ರವಾಗಿ. ಮನೆಯಲ್ಲಿ ಗಮನ ಇಲ್ಲ ಅಂತ ನನ್ನ ಹಾಳೆಯಲ್ಲಿ ಬರೆದೇಬಿಟ್ಟೆ, ಅವನು ಬಾಯಿ ತೆರೆಯುವ ಮೊದಲೇ. ನಮ್ಮ ಮುಖ್ಯೋಪಾಧ್ಯಾಯರಿಗೂ ಅದು ಕಂಡಿತ್ತು, ಅವರು ಸುಮ್ನೆ ಕೇಳಿದರು, ಇದನ್ನು ಹೊಲಿದವರು ಯಾರಪ್ಪಾ ಅಂತ. ನಾನೇ, ನಿನ್ನೆ ರಾತ್ರಿ ಲಾಡ್ಜಿನಲ್ಲಿ, ಅಲ್ಲಿ ಕಪ್ಪು ದಾರ ಮಾತ್ರ ಇತ್ತು ಅಂದ. ಹತ್ತು ವರ್ಷದ ಹುಡುಗ! ಹಾಸ್ಟೆಲಿಗೆ ಇದಕ್ಕಿಂತ ಇನ್ನೇನು ಬೇಕು? ನಾನು ಬರೆದದ್ದನ್ನು ಹೊಡೆದುಹಾಕಿದೆ. ಆ ಪ್ರಶ್ನೆ ಕೇಳದೇ ಇದ್ದಿದ್ದರೆ ಹೊಡೆದುಹಾಕುತ್ತಿರಲಿಲ್ಲ ಅನ್ನುವುದೂ ನಿಜ. ಅದಕ್ಕೇ ಶುಭ್ರವಾಗಿ, ಅಚ್ಚುಕಟ್ಟಾಗಿ ಹೋಗಿ ಅನ್ನುವುದು. ನಿಮ್ಮ ಎದುರು ಕೂರುವವರೂ ನನ್ನಂಥವರೇ.

ಈಗ ಏನು ಹಾಕಬೇಕು ಅನ್ನುವುದಕ್ಕೆ ಬರೋಣ. ಶಾಲೆಯಿಂದ ಬಂದ ಪತ್ರವನ್ನು ಇನ್ನೊಮ್ಮೆ ಓದಿ, ಬಟ್ಟೆಯ ಬಗ್ಗೆ ಒಂದು ಸಾಲು ಇದ್ದರೂ ಇರಬಹುದು. ಇಲ್ಲದಿದ್ದರೆ ಆಫೀಸಿಗೆ ಫೋನ್ ಮಾಡಿ, ಮಕ್ಕಳು ಸಾಮಾನ್ಯವಾಗಿ ಏನು ಹಾಕಿಕೊಂಡು ಬರುತ್ತಾರೆ ಅಂತ ಕೇಳಿ. ಹಾಗೆ ಕೇಳಿದರೆ ಅಂಕ ಹೋಗುತ್ತದಾ ಅಂತ ಸಂಕೋಚ ಬೇಡ. ಫೋನ್ ಎತ್ತುವ ಕ್ಲರ್ಕ್ ಇಂಥ ನೂರು ಫೋನ್ ಎತ್ತಿರುತ್ತಾರೆ, ನಿಮ್ಮ ಹೆಸರನ್ನೂ ಬರೆದುಕೊಳ್ಳುವುದಿಲ್ಲ.

ನನ್ನನ್ನು ಕೇಳಿದರೆ ಅವನ ಈಗಿನ ಶಾಲೆಯ ಯೂನಿಫಾರ್ಮೇ ಮೊದಲನೇ ಆಯ್ಕೆ. ದಿನಾ ಹಾಕುವುದು, ಹುಕ್ಕು ಗುಂಡಿ ಎಲ್ಲಿದೆ ಅಂತ ಕತ್ತಲಲ್ಲೂ ಗೊತ್ತಿರುತ್ತದೆ. ಅದರಲ್ಲಿ ಬಡವ ಬಲ್ಲಿದ ಅಂತ ಏನೂ ಕಾಣುವುದಿಲ್ಲ, ಯೂನಿಫಾರ್ಮ್ ಇರುವುದೇ ಅದಕ್ಕಲ್ವಾ. ತೊಂದರೆ ಏನೆಂದರೆ ಫೆಬ್ರವರಿ ಅಂದರೆ ಶಾಲೆಯ ವರ್ಷದ ಕೊನೆ. ಜೂನಿನಲ್ಲಿ ಕೊಂಡ ಪ್ಯಾಂಟು ಹಿಮ್ಮಡಿಯಿಂದ ಮೂರು ಬೆರಳು ಮೇಲೆ ಹೋಗಿರುತ್ತದೆ, ಕಾಲರಿನ ಒಳಗಡೆ ಕಂದು ಗೆರೆ ಬಿದ್ದಿರುತ್ತದೆ. ಹಾಗಿದ್ದರೆ ಪ್ಯಾಂಟಿನ ಅಂಚು ಬಿಚ್ಚಿ ಇಳಿಸಿ, ಆಗದಿದ್ದರೆ ಒಂದು ಶರ್ಟು ಮಾತ್ರ ಹೊಸದು ತನ್ನಿ.

ಯೂನಿಫಾರ್ಮ್ ಬೇಡ ಅನ್ನಿಸಿದರೆ ತಿಳಿ ಬಣ್ಣದ ಒಂದು ಶರ್ಟು, ಕಡು ನೀಲಿ ಅಥವಾ ಬೂದು ಪ್ಯಾಂಟು, ಕಪ್ಪು ಶೂ. ಜೀನ್ಸ್ ಬೇಡ, ಎದೆಯ ಮೇಲೆ ಅಕ್ಷರ ಬರೆದ ಟೀ ಶರ್ಟು ಬೇಡ. ಶರ್ಟು ಹತ್ತಿಯದ್ದಾಗಲಿ, ಅಥವಾ ಹತ್ತಿ ಜಾಸ್ತಿ ಇರುವುದು. ಪೂರ್ತಿ ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ. ಗಾಬರಿಯ ಬೆವರು ಪಂಚಗಣಿಯ ತಂಪಿನಲ್ಲೂ ಬರುತ್ತದೆ, ಆಮೇಲೆ ಬಟ್ಟೆ ಬೆನ್ನಿಗೆ ಅಂಟುತ್ತದೆ. ಹೊಸ ಶರ್ಟನ್ನು ಎರಡು ಸಲ ಒಗೆದು ಹಾಕಿ, ಅಂಗಡಿಯ ಗಂಜಿ ಹೋಗಲಿ. ಕುತ್ತಿಗೆಯ ಹಿಂದಿನ ಲೇಬಲ್ ಕತ್ತರಿಸಿ ತೆಗೆಯಿರಿ. ನಿಮ್ಮ ಮಗ ಕುತ್ತಿಗೆ ತುರಿಸುತ್ತಾನೆ ಅಂದಿರಲ್ಲ, ಟೈ ಕಟ್ಟಿದಾಗ ಮೇಲಿನ ಗುಂಡಿ ಬಿಗಿಯಾಗಿ ಆ ಲೇಬಲ್ಲೇ ಒತ್ತುತ್ತಿರಬಹುದು, ಒಮ್ಮೆ ನೋಡಿ. ಹಾಗಂತ ಟೈ ಬೇಕು ಅಂತಲ್ಲ. ಯೂನಿಫಾರ್ಮಿನ ಭಾಗವಾಗಿದ್ದರೆ ಇರಲಿ, ಇಲ್ಲದಿದ್ದರೆ ಹೊಸದಾಗಿ ಕಲಿಸುವ ಕಾಲ ಇದಲ್ಲ.

ಅಳತೆಯ ವಿಷಯದಲ್ಲಿ ನಮ್ಮವರದ್ದು ಒಂದೇ ಹಾಡು, ಬೆಳೆಯೋ ಮಗು, ಎರಡು ಸೈಜ್ ದೊಡ್ಡದು ಕೊಡಿ. ಹಾಸ್ಟೆಲಿಗೆ ಕೊಳ್ಳುವಾಗ ಹಾಗೆ ಕೊಳ್ಳಿ, ಇಂಟರ್‌ವ್ಯೂಗೆ ಬೇಡ. ತೋಳು ಬೆರಳಿನವರೆಗೂ ಇಳಿದರೆ ಮಗು ಅದನ್ನು ಎಳೆಯುತ್ತಲೇ ಇರುತ್ತದೆ. ಶೂ ಅಂತೂ ಹೊಸದಾಗಿದ್ದರೆ ಕಡಿಮೆ ಅಂದರೂ ಎರಡು ವಾರ ಮೊದಲು ತಂದು ಮನೆಯಲ್ಲಿ ಓಡಾಡಿಸಿ. ಸಂಜೆ ಹೊತ್ತು ಅಂಗಡಿಗೆ ಹೋಗಿ, ದಿನವೆಲ್ಲ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ, ಆಗ ಸರಿಯಾಗಿ ಕೂತದ್ದು ಯಾವಾಗಲೂ ಸರಿ. ಲೇಸ್ ಕಟ್ಟಲು ಬರುತ್ತದಾ ಅವನಿಗೆ? ಬರದಿದ್ದರೆ ಇನ್ನೂ ಒಂದು ತಿಂಗಳಿದೆ, ಕಲಿಸಿ. ಅದು ಇಂಟರ್‌ವ್ಯೂಗಿಂತ ಜಾಸ್ತಿ ಜೂನಿಗೆ ಬೇಕಾದ ವಿದ್ಯೆ. ಹೇಗೂ ಕಲಿಯಲಿಲ್ಲ ಅಂದರೆ ಲೇಸ್ ಇಲ್ಲದ ಶೂ ಹಾಕಿ, ತಪ್ಪೇನಿಲ್ಲ. ಅಪ್ಪ ಕಟ್ಟಿಕೊಟ್ಟ ಲೇಸ್ ಕಾರಿಡಾರಿನಲ್ಲಿ ಬಿಚ್ಚಿಹೋಗಿ, ಅಪ್ಪನೇ ಬಗ್ಗಿ ಮತ್ತೆ ಕಟ್ಟುವುದನ್ನು ಕಿಟಕಿಯಿಂದ ನಾನು ಎಷ್ಟು ಸಲ ನೋಡಿದ್ದೇನೋ.

ಕುರ್ತಾ ಪೈಜಾಮ ಕೂಡ ಆಗುತ್ತದೆ, ಅವನಿಗೆ ಅಭ್ಯಾಸ ಇದ್ದರೆ. ಆದರೆ ಲಾಡಿಯ ಗಂಟು ಕಗ್ಗಂಟಾದರೆ ಆ ಬೆಲ್ಟಿನ ಕಥೆಯೇ ಇಲ್ಲೂ ಆಗುತ್ತದೆ, ಎಲಾಸ್ಟಿಕ್ ಇರಲಿ. ಶಾಲೆ ಎಂಥದ್ದು ಅನ್ನುವುದೂ ಮುಖ್ಯ. ಆಂಧ್ರದ ಋಷಿ ವ್ಯಾಲಿ ಶಾಲೆಯಂಥ ಕಡೆ ಮಕ್ಕಳಿಗೆ ಯೂನಿಫಾರ್ಮೇ ಇಲ್ಲ, ಅಲ್ಲಿಗೆ ಕೋಟು ಹಾಕಿ ಕರೆದುಕೊಂಡು ಹೋದರೆ ಮಗುವೇ ಮುಜುಗರ ಪಡುತ್ತದೆ. ಕೆಲವು ಶಾಲೆಗಳು ಮಗುವನ್ನು ಇಡೀ ದಿನ ಇರಿಸಿಕೊಂಡು ಕ್ಲಾಸಿಗೆ, ಆಟಕ್ಕೆ, ಊಟಕ್ಕೆ ಕಳಿಸಿ ನೋಡುತ್ತವೆ, ಅಲ್ಲಿ ಓಡಲು ಆಗುವ ಬಟ್ಟೆ ಬೇಕು.

ಬೇರೆ ಓದುಗರೂ ಕೇಳುತ್ತಾರೆ, ಅದಕ್ಕೆ ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಎಲ್ಲ ವಸತಿ ಶಾಲೆಗಳಲ್ಲೂ ಇಂಟರ್‌ವ್ಯೂ ಇರುವುದಿಲ್ಲ. ನವೋದಯದಲ್ಲಿ ಲಿಖಿತ ಪರೀಕ್ಷೆ ಅಷ್ಟೇ. ಸಾತಾರಾದ ಸೈನಿಕ ಶಾಲೆ ದೇಶದ ಮೊದಲನೇ ಸೈನಿಕ ಶಾಲೆ, 1961ರದ್ದು. ಅಲ್ಲಿಗೆ ಪ್ರವೇಶ ಪರೀಕ್ಷೆ, ಆಮೇಲೆ ಮೆಡಿಕಲ್. ಮೆಡಿಕಲ್‌ನಲ್ಲಿ ಡಾಕ್ಟರು ಬಟ್ಟೆ ಬಿಚ್ಚಿಸಿ ಕಾಲು, ಪಾದ, ಎದೆ ಎಲ್ಲ ನೋಡುತ್ತಾರೆ, ಹಾಗಾಗಿ ಅಲ್ಲಿ ಮೇಲಿನ ಶರ್ಟಿಗಿಂತ ಒಳಗಿನ ಬನಿಯನ್ನು ಚಡ್ಡಿ ಶುಭ್ರವಾಗಿರುವುದು ಮುಖ್ಯ. ನಗಬೇಡಿ, ಹರಿದ ಚಡ್ಡಿಯಲ್ಲಿ ಹೋಗಿ ನಾಚಿಕೆಯಿಂದ ಕುಗ್ಗಿಹೋದ ಮಕ್ಕಳಿದ್ದಾರೆ. ಡೆಹ್ರಾಡೂನಿನ ಮಿಲಿಟರಿ ಕಾಲೇಜು, ಎಂಟನೇ ಕ್ಲಾಸಿಗೆ ಸೇರುವಂಥದ್ದು, ಅಲ್ಲಿ ಮಾತ್ರ 50 ಅಂಕದ ಮೌಖಿಕ ಇದೆ. ಅದಕ್ಕೆ ಕೂದಲು ಚಿಕ್ಕದಾಗಿ ಕತ್ತರಿಸಿ, ಶೂಗೆ ಪಾಲಿಶ್ ಹಾಕಿ, ಸಾದಾ ಶರ್ಟಿನಲ್ಲಿ ಹೋಗುವುದು.

ನಿಮ್ಮ ದಾರಿಯ ಮಾತಿಗೆ ಬರುತ್ತೇನೆ, ಇದನ್ನು ಯಾರೂ ಹೇಳುವುದಿಲ್ಲ. ಡೊಂಬಿವಲಿಯಿಂದ ಪುಣೆ, ಖಂಬಾಟ್ಕಿ ಘಾಟ್, ವಾಯಿ, ಅಲ್ಲಿಂದ ಪಸರಣಿ ಘಾಟ್ ಹತ್ತಬೇಕು. ಆ ಕೊನೆಯ ತಿರುವುಗಳಲ್ಲಿ ಮಕ್ಕಳಿಗೆ ವಾಂತಿ ಬರುವುದು ಸಾಮಾನ್ಯ. ಇಂಟರ್‌ವ್ಯೂ ಬಟ್ಟೆಯನ್ನು ಮನೆಯಿಂದಲೇ ಹಾಕಿಕೊಂಡು ಹೊರಟ ಮಗು ಗೇಟಿನ ಹತ್ತಿರ ಬರುವಾಗ ಹೇಗಿರುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆಗುವುದಾದರೆ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ಆಗದಿದ್ದರೆ ಹಳೆ ಟೀ ಶರ್ಟಿನಲ್ಲಿ ಹೊರಡಿಸಿ, ಘಾಟ್ ಹತ್ತಿದ ಮೇಲೆ ಪಂಚಗಣಿ ಪೇಟೆಯಲ್ಲಿ ಯಾವುದಾದರೂ ಹೋಟೆಲಿನಲ್ಲಿ ಚಹಾ ಕುಡಿದು ಅಲ್ಲೇ ಬಟ್ಟೆ ಬದಲಿಸಿ, ಹೋಟೆಲಿನವರಿಗೆ ಹೋಟೆಲಿನವರು ಜಾಗ ಕೊಡದೇ ಇರುತ್ತಾರಾ. ವಾಂತಿ ತಡೆಯುವ ಅವೋಮಿನ್ ಮಾತ್ರೆ ಕೊಡುವ ಯೋಚನೆ ಇದ್ದರೆ ಡಾಕ್ಟರನ್ನು ಕೇಳಿ, ಅದರಿಂದ ನಿದ್ದೆ ಬರುತ್ತದೆ. ಇಂಟರ್‌ವ್ಯೂ ದಿನ ಮೊದಲನೇ ಸಲ ಕೊಟ್ಟು ನೋಡಬೇಡಿ, ತೂಕಡಿಸುವ ಹುಡುಗನನ್ನು ಎದುರು ಕೂರಿಸಿಕೊಂಡು ಮಾತಾಡಿಸಿದ ಅನುಭವ ನನಗಿದೆ.

ಊರು ಸುಮಾರು 1,290 ಮೀಟರ್ ಎತ್ತರದಲ್ಲಿದೆ. ಫೆಬ್ರವರಿಯಲ್ಲಿ ಮಧ್ಯಾಹ್ನ ಬಿಸಿಲು, ಬೆಳಿಗ್ಗೆ ಚೆನ್ನಾಗಿಯೇ ಚಳಿ. ಡೊಂಬಿವಲಿಯ ಮಕ್ಕಳಿಗೆ ಸ್ವೆಟರೇ ಇರುವುದಿಲ್ಲ, ಒಂದು ಸಾದಾ ಸ್ವೆಟರ್ ಇಟ್ಟುಕೊಳ್ಳಿ. ಮತ್ತೆ ಅಲ್ಲಿನದು ಕೆಂಪು ಮುರಕಲ್ಲಿನ ಮಣ್ಣು, ನಮ್ಮ ಕುಂದಾಪುರದ ಕಡೆ ಇರುವಂಥದ್ದೇ, ಬಿಳಿ ಕ್ಯಾನ್ವಾಸ್ ಶೂ ಹತ್ತು ಹೆಜ್ಜೆಗೆ ಕೆಂಪಾಗುತ್ತದೆ. ಕಪ್ಪು ಶೂ ಅಂದದ್ದು ಅದಕ್ಕೆ.

ಮಗನ ಕೈಯ ಕಪ್ಪು ದಾರ ಇರಲಿ. ಯಾರೂ ಅದನ್ನು ನೋಡುವುದಿಲ್ಲ. ಮಾಸಿ, ನೂಲು ಎದ್ದು ಜೋತಾಡುತ್ತಿದ್ದರೆ ಮಾತ್ರ ಬಿಚ್ಚಿ ಹೊಸದು ಕಟ್ಟಿ. ಹಣೆಗೆ ಕುಂಕುಮ, ಗಂಧ ದಿನಾ ಇಡುತ್ತಾನಾದರೆ ಅವತ್ತೂ ಇಡಲಿ. ಕಾನ್ವೆಂಟಿನವರು ಏನಂದುಕೊಳ್ಳುತ್ತಾರೋ ಅಂತ ಬಾಗಿಲ ಹೊರಗೆ ಮಗನ ಹಣೆ ಒರೆಸಿದ ತಾಯಂದಿರನ್ನು ನೋಡಿದ್ದೇನೆ. ಆ ಮಗು ಒಳಗೆ ಬಂದು ಹಣೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿತ್ತು. ಕಿವಿಯ ಟಿಕ್ಕಿ ಮಾತ್ರ ಬೇರೆ ಲೆಕ್ಕ. ಇಂಟರ್‌ವ್ಯೂಗೆ ಅದರಿಂದ ತೊಂದರೆ ಇಲ್ಲ. ಆದರೆ ಹಾಸ್ಟೆಲಿಗೆ ಸೇರಿದ ಮೇಲೆ ಚಿನ್ನ ಇಟ್ಟುಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ, ಕಳೆದುಹೋದರೆ ಜವಾಬ್ದಾರಿ ಯಾರದು? ತೆಗೆಯಲೇಬೇಕು ಅಂತಾದರೆ ಈಗಲೇ ತೆಗೆಯಿರಿ, ಹಿಂದಿನ ದಿನ ತೆಗೆದರೆ ಅವನ ಕೈ ಇಡೀ ಹೊತ್ತು ಕಿವಿಯ ಮೇಲೇ ಇರುತ್ತದೆ. ಕೂದಲು ಕತ್ತರಿಸುವುದೂ ಹಾಗೇ, ಒಂದು ವಾರ ಮೊದಲು. ಉಗುರು ಹಿಂದಿನ ರಾತ್ರಿ. ಸೆಂಟು ಬೇಡ, ಸ್ಮಾರ್ಟ್ ವಾಚ್ ಬೇಡ. ಜೇಬಿನಲ್ಲಿ ಒಂದು ಕರವಸ್ತ್ರ ಇರಲಿ.

ಈಗ ನೀವಿಬ್ಬರು. ಸೀರೆಯೋ ಚೂಡಿದಾರವೋ ಅಂತ ಕೇಳಿದಿರಿ. ಈಗಿನ ಶಾಲೆಯ ಪೇರೆಂಟ್ಸ್ ಮೀಟಿಂಗಿಗೆ ಏನು ಹಾಕಿಕೊಂಡು ಹೋಗುತ್ತೀರೋ ಅದನ್ನೇ ಹಾಕಿ. ಸೀರೆ ಉಟ್ಟರೆ ಹಳ್ಳಿಯವರು ಅನ್ನುತ್ತಾರಾ ಅನ್ನುವ ಯೋಚನೆ ಇದ್ದರೆ ಬಿಡಿ, ನಾನು ಆ 22 ವರ್ಷವೂ ಸೀರೆಯಲ್ಲೇ ಆ ಕುರ್ಚಿಯಲ್ಲಿ ಕೂತಿದ್ದೆ. ಹತ್ತಿ ಸೀರೆ ಇರಲಿ, ಮದುವೆಯ ರೇಷ್ಮೆ ಬೇಡ. ಕ್ಯಾಂಪಸ್ಸು ಏರಿಳಿತ, ಮೆಟ್ಟಿಲು ಜಾಸ್ತಿ, ಹೀಲ್ಸ್ ಬೇಡವೇ ಬೇಡ. ನೀವು ಸೆರಗು ಸರಿಮಾಡುತ್ತಾ ಕೂತರೆ ಅವನು ನಿಮ್ಮನ್ನೇ ನೋಡುತ್ತಾ ಕೂರುತ್ತಾನೆ, ಪ್ರಶ್ನೆ ಕೇಳಿದ್ದೂ ಕಿವಿಗೆ ಬೀಳುವುದಿಲ್ಲ.

ಯಜಮಾನರ ಬಿಳಿ ಶರ್ಟು, ಕಪ್ಪು ಪ್ಯಾಂಟು ಎಷ್ಟು ಚೆನ್ನ! ಒಂದೇ ಮಾತು, ಹೋಟೆಲಿನ ಗಲ್ಲಾದಲ್ಲಿ ಕೂರುವಾಗ ಹಾಕುವ ಶರ್ಟು ಬೇಡ, ಎಷ್ಟು ಒಗೆದರೂ ಎಣ್ಣೆಯ, ಒಗ್ಗರಣೆಯ ವಾಸನೆ ಹೋಗುವುದಿಲ್ಲ. ಅಂಥದ್ದೇ ಇನ್ನೊಂದು ಮನೆಯ ಕಪಾಟಿನಲ್ಲಿ ಇಟ್ಟದ್ದು ಇರಲಿ. ಚಪ್ಪಲಿಯ ಬದಲು ಒಂದು ಜೊತೆ ಚರ್ಮದ ಸ್ಯಾಂಡಲ್ ಸಾಕು. ಶೂ ಅಭ್ಯಾಸ ಇಲ್ಲದವರಿಗೆ ಶೂ ಹಾಕಿಸಿದರೆ ನಡಿಗೆಯಲ್ಲೇ ಗೊತ್ತಾಗುತ್ತದೆ. ಏನು ಕೆಲಸ ಅಂತ ಕೇಳಿದರೆ ಹೋಟೆಲ್ ಅಂತ ನೇರ ಹೇಳಲಿ, ಹಾಸ್ಪಿಟಾಲಿಟಿ ಬಿಸಿನೆಸ್ ಅಂತ ಸುತ್ತಿ ಹೇಳುವುದು ಬೇಡ. ಬೋರ್ಡಿಂಗಿಗೆ ಮಕ್ಕಳನ್ನು ಕಳಿಸುವವರಲ್ಲಿ ಹೋಟೆಲಿನವರು, ಅಂಗಡಿಯವರು, ಹಡಗಿನಲ್ಲಿ ದುಡಿಯುವವರು, ದ್ರಾಕ್ಷಿ ತೋಟದವರು ಎಲ್ಲರೂ ಇದ್ದಾರೆ. ಇಂಗ್ಲಿಷ್ ಕಷ್ಟವಾದರೆ ಹಿಂದಿಯಲ್ಲೋ ಮರಾಠಿಯಲ್ಲೋ ಮಾತಾಡುತ್ತೇನೆ ಅಂತ ಮೊದಲೇ ಹೇಳಿ. ಅದು ಮಹಾರಾಷ್ಟ್ರದ ಶಾಲೆ, ಅರ್ಥವಾಗದವರು ಅಲ್ಲಿ ಇರುವುದಿಲ್ಲ. ನಿಮ್ಮನ್ನು ಕರೆಯುವುದು ಮುಖ್ಯವಾಗಿ ಒಂದು ವಿಷಯ ತಿಳಿಯಲು, ಮಗುವನ್ನು ಕಳಿಸಲು ಅಪ್ಪ ಅಮ್ಮ ಇಬ್ಬರಿಗೂ ಒಪ್ಪಿಗೆ ಇದೆಯಾ, ಯಾಕೆ ಕಳಿಸುತ್ತಿದ್ದಾರೆ ಅಂತ. ಅದಕ್ಕೆ ಉತ್ತರ ಇಬ್ಬರೂ ಒಂದೇ ಕೊಡಿ. ಅಪ್ಪ ಶಿಸ್ತಿಗೆ ಅಂತ, ಅಮ್ಮ ನನಗಂತೂ ಇಷ್ಟವೇ ಇರಲಿಲ್ಲ ಅಂತ ಅಲ್ಲೇ ಶುರು ಮಾಡಿದ್ದನ್ನೂ ನೋಡಿದ್ದೇನೆ.

ಅಂದಹಾಗೆ ಪತ್ರದಲ್ಲಿ ಇಂಟರ್‌ವ್ಯೂ ಅನ್ನುವ ಬದಲು ಇಂಟರಾಕ್ಷನ್ ಅಂತ ಬರೆದಿದ್ದರೆ ಗಾಬರಿ ಬೇಡ. 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೇ ಕಲಮು ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು ತಡೆಯುತ್ತದೆ. ಅದು ಬಂದ ಮೇಲೆ ಶಾಲೆಗಳು ಆ ಪದವನ್ನು ಹುಷಾರಾಗಿ ಬಳಸುತ್ತವೆ. ಬಟ್ಟೆಯ ಮಟ್ಟಿಗೆ ಎರಡೂ ಒಂದೇ.

ಒಂದು ಕೆಲಸ ಮಾಡಿ. ಇಂಟರ್‌ವ್ಯೂಗೆ ಎರಡು ವಾರ ಇರುವಾಗ, ಒಂದು ಭಾನುವಾರ, ಎರಡು ಶರ್ಟು ಮುಂದಿಟ್ಟು ಯಾವುದು ಬೇಕು ಅಂತ ಅವನನ್ನೇ ಕೇಳಿ. ಆರಿಸಿದ್ದನ್ನು ಅವನೇ ಹಾಕಿಕೊಳ್ಳಲಿ, ನೀವು ಅಡುಗೆಮನೆಯಿಂದ ಹೊರಗೆ ಬರಬೇಡಿ. ಆಮೇಲೆ ಅದೇ ಬಟ್ಟೆಯಲ್ಲಿ ಲೋಕಲ್ ಹತ್ತಿಸಿ ಮಾಟುಂಗದವರೆಗೆ ಕರೆದುಕೊಂಡು ಹೋಗಿ, ದೋಸೆ ತಿನ್ನಿಸಿ, ಬಾತ್‌ರೂಮಿಗೆ ಒಬ್ಬನೇ ಕಳಿಸಿ, ವಾಪಸ್ ಬನ್ನಿ. ಮನೆಗೆ ಬಂದಾಗ ಶರ್ಟು ಇನ್ನೂ ಪ್ಯಾಂಟಿನೊಳಗೆ ಇದ್ದು, ಅವನು ಬಟ್ಟೆ ಬದಲಿಸುವುದನ್ನೇ ಮರೆತು ಆಡಲು ಓಡಿದರೆ, ಆ ಬಟ್ಟೆ ಪಾಸು. ನಾನು ಮಕ್ಕಳನ್ನು ಮಾತಿಗೆಳೆಯಲು ಯಾವಾಗಲೂ ಕೇಳುತ್ತಿದ್ದ ಮೊದಲನೇ ಪ್ರಶ್ನೆ, ಈ ಶರ್ಟು ಚೆನ್ನಾಗಿದೆ, ಯಾರು ಆರಿಸಿದ್ದು ಅಂತ. ಕೆಲವರು ನಾನೇ ಅನ್ನುತ್ತಿದ್ದರು, ಕೆಲವರು ಬಾಗಿಲ ಕಡೆ ತಿರುಗಿ ಅಮ್ಮನನ್ನು ಹುಡುಕುತ್ತಿದ್ದರು.

ಆ 6,500 ರೂಪಾಯಿ ಎತ್ತಿಡಿ. ಸೀಟು ಸಿಕ್ಕಿದರೆ ಶಾಲೆಯಿಂದ ಬಟ್ಟೆಗಳ ಒಂದು ಉದ್ದ ಲಿಸ್ಟು ಬರುತ್ತದೆ, ಇಷ್ಟು ಶರ್ಟು, ಇಷ್ಟು ಜೊತೆ ಕಾಲುಚೀಲ, ರೇನ್‌ಕೋಟು, ಬೆಡ್‌ಶೀಟು ಅಂತ, ಪ್ರತಿಯೊಂದಕ್ಕೂ ಹೆಸರಿನ ಪಟ್ಟಿ ಹೊಲಿಯಬೇಕು. ಆಗ ದುಡ್ಡು ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ.

ಮತ್ತೆ ಆ ಹಳೆ ಟೀ ಶರ್ಟನ್ನು ಬ್ಯಾಗಿನ ತಳಕ್ಕೆ ಹಾಕಬೇಡಿ, ಮೇಲೇ ಇರಲಿ. ಫೆಬ್ರವರಿ ಅಂದರೆ ಅಲ್ಲಿ ಸ್ಟ್ರಾಬೆರಿ ಕಾಲ, ಇಂಟರ್‌ವ್ಯೂ ಮುಗಿದ ಕೂಡಲೇ ಅವನು ಸ್ಟ್ರಾಬೆರಿ ಕ್ರೀಮ್ ಬೇಕು ಅನ್ನುತ್ತಾನೆ. ಆ ಕಲೆ ಬಿಳಿ ಶರ್ಟಿನಿಂದ ಹೋಗುವುದಿಲ್ಲ, ಮೊದಲು ಬಟ್ಟೆ ಬದಲಿಸಿ.